ಕಳಿಸಿದ ಹಣದ ಲೆಕ್ಕ ಉಂಟು, ಕಳಿಸಿದವನ ಲೆಕ್ಕ?

ಗಲ್ಫ್ ಬಗ್ಗೆ ಮಾತಾಡದ ಬ್ಯಾರಿ ಮನೆ ಇಲ್ಲ. ಐರ್ಲ್ಯಾಂಡ್ ಬಗ್ಗೆ ಮಾತಾಡುವ ಮನೆ ಹೆಚ್ಚೇನೂ ಇರಲಿಕ್ಕಿಲ್ಲ. ನರ್ಸಿಂಗ್ ಕಲಿತವರು ಕೆಲಸಕ್ಕೆ ಹೋಗುವ, ಮಳೆ ಚಳಿ ಬಿಡದ ಒಂದು ಸಣ್ಣ ದೇಶ ಅಂತ ಅಷ್ಟೇ ನಮಗೆ ಗೊತ್ತು. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟವರಿಗೆ ಅವರ ಸ್ವಂತ ಸರಕಾರ ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಆ ದೇಶದ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಅಲ್ಲಿನ ಸರಕಾರ ಹೊರದೇಶಗಳಲ್ಲಿರುವ ತನ್ನ ಜನರಿಗೆಂದೇ ಪ್ರತಿವರ್ಷ ಒಂದು ಕೋಟಿ ಯೂರೋಗಿಂತ ಹೆಚ್ಚು ಹಣ ತೆಗೆದಿಡುತ್ತದೆ. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಯ ಆಸುಪಾಸು, ಕೆಲವು ವರ್ಷ ಅದಕ್ಕೂ ಹೆಚ್ಚು. ಎಮಿಗ್ರಂಟ್ ಸಪೋರ್ಟ್ ಪ್ರೋಗ್ರಾಂ ಎಂದು ಈ ಯೋಜನೆಯ ಹೆಸರು. 2004ರಿಂದ ಇದುವರೆಗೆ 20 ಕೋಟಿ ಯೂರೋಗೂ ಮೀರಿದ ಹಣ ಇದರ ಮೂಲಕ ಹೋಗಿದೆ.

ಅರ್ಧ ಕೋಟಿಗಿಂತ ಸ್ವಲ್ಪ ಹೆಚ್ಚು ಜನಸಂಖ್ಯೆಯ ಒಂದು ದೇಶ ಇಷ್ಟು ಹಣವನ್ನು ಬೇರೆ ದೇಶದಲ್ಲಿ ಕೂತವರಿಗೆ ಯಾಕೆ ಕೊಡಬೇಕು? ಉತ್ತರ ಅವರ ಚರಿತ್ರೆಯಲ್ಲಿ ಉಂಟು.

1845ರಲ್ಲಿ ಐರ್ಲ್ಯಾಂಡಿನ ಬಟಾಟೆ ಬೆಳೆಗೆ ರೋಗ ಬಂತು. ಬಡವರ ಊಟವೆಂದರೆ ಬಟಾಟೆ ಮಾತ್ರ ಆಗಿದ್ದ ಕಾಲ ಅದು. ದೇಶ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಜನ ಹಸಿವಿನಿಂದ ಸಾಯುತ್ತಿರುವಾಗಲೇ ಅಲ್ಲಿನ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಸುಮಾರು 10 ಲಕ್ಷ ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಆ ಇಡೀ ದ್ವೀಪದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇವತ್ತಿಗೂ ಆ ಸಂಖ್ಯೆ ಅಲ್ಲಿ ಮತ್ತೆ ತುಂಬಲಿಲ್ಲ.

ಮಗ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಅಲ್ಲಿನ ಮನೆಗಳಲ್ಲಿ ನೆಂಟರೆಲ್ಲ ಸೇರಿ ಬೆಳಗಿನವರೆಗೆ ಕೂರುತ್ತಿದ್ದರು. ಅದನ್ನು 'ಅಮೆರಿಕನ್ ವೇಕ್' ಎಂದು ಕರೆಯುತ್ತಿದ್ದರು. ವೇಕ್ ಎಂದರೆ ಸತ್ತವರ ಮನೆಯಲ್ಲಿ ಶವದ ಹತ್ತಿರ ರಾತ್ರಿಯಿಡೀ ಕೂರುವುದು. ಹೋಗುವವನು ಬದುಕಿದ್ದಾನೆ, ಆದರೆ ಇನ್ನು ಅವನ ಮುಖ ನೋಡುವುದಿಲ್ಲ ಎಂದು ತಾಯಿಗೆ ಗೊತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಮಗನನ್ನು ಕಳಿಸಿಕೊಟ್ಟ ನಮ್ಮ ಉಮ್ಮಂದಿರಿಗೆ ಈ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮವರು ಎರಡು ವರ್ಷಕ್ಕೊಮ್ಮೆಯಾದರೂ ರಜೆಗೆ ಬರ್ತಾರೆ, ಅವರು ಬರುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

1922ರಲ್ಲಿ ಸ್ವತಂತ್ರ ಸರಕಾರ ಬಂದ ಮೇಲೂ ಹೋಗುವುದು ನಿಲ್ಲಲಿಲ್ಲ. 1950ರ ದಶಕ ಒಂದರಲ್ಲೇ 4 ಲಕ್ಷಕ್ಕೂ ಹೆಚ್ಚು ಜನ ಹೊರಟುಹೋದರು. 1961ರಲ್ಲಿ ದೇಶದ ಜನಸಂಖ್ಯೆ 28 ಲಕ್ಷಕ್ಕೆ ಇಳಿಯಿತು. ಹೆಚ್ಚಿನವರು ಹೋದದ್ದು ಇಂಗ್ಲೆಂಡಿಗೆ. ಯುದ್ಧದಲ್ಲಿ ಬಿದ್ದ ಊರುಗಳನ್ನು ಕಟ್ಟಲು, ರಸ್ತೆ ಹಾಕಲು, ಸುರಂಗ ತೋಡಲು ಗಂಡಸರು. ಆಸ್ಪತ್ರೆಗಳಲ್ಲಿ ನರ್ಸ್ ಆಗಿ, ಮನೆಗಳಲ್ಲಿ ಕೆಲಸದವರಾಗಿ ಹೆಂಗಸರು. ಬಾಡಿಗೆಗೆ ಕೋಣೆ ಕೇಳಲು ಹೋದರೆ ಐರಿಷ್ ಎಂದು ಗೊತ್ತಾದ ಕೂಡಲೇ ಬಾಗಿಲು ಮುಚ್ಚುವವರೂ ಇದ್ದರು. ಹೆಸರು ಕೇಳಿ ಮನೆ ಕೊಡದೇ ಇರುವುದು ಏನೆಂದು ನಮಗೂ ಗೊತ್ತುಂಟು.

ಅವರು ಕಳಿಸಿದ ಹಣ ಎಷ್ಟು? 1961ರಲ್ಲಿ ಹೊರಗಿನಿಂದ ಮನೆಗಳಿಗೆ ಬಂದ ಹಣ ಸುಮಾರು 1 ಕೋಟಿ 35 ಲಕ್ಷ ಪೌಂಡ್. ಅದೇ ವರ್ಷ ಐರ್ಲ್ಯಾಂಡ್ ಸರಕಾರ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಖರ್ಚು ಮಾಡಿದ್ದು ಸುಮಾರು 1 ಕೋಟಿ 40 ಲಕ್ಷ ಪೌಂಡ್. ಅಂದರೆ ಊರಿನಲ್ಲಿರುವ ಮಕ್ಕಳನ್ನೆಲ್ಲ ಓದಿಸಲು ಬೇಕಾದಷ್ಟು ಹಣವನ್ನು ಲಂಡನ್, ಬರ್ಮಿಂಗ್‌ಹ್ಯಾಂ, ನ್ಯೂಯಾರ್ಕ್‌ನಲ್ಲಿ ದುಡಿಯುವವರು ಕಳಿಸುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ 14 ವರ್ಷಕ್ಕೇ ಶಾಲೆ ಬಿಟ್ಟವರು.

ಆ ಹಣದಲ್ಲಿ ಮನೆ ಎದ್ದಿತು, ತಂಗಿಯ ಮದುವೆ ಆಯಿತು, ತಮ್ಮ ಓದಿ ಸರಕಾರಿ ಕೆಲಸ ಹಿಡಿದ. ಕಳಿಸಿದವನು ಏನಾದ?

ಇದು ನೋಡಬೇಕಾದ ವಿಷಯ. ಕಟ್ಟಡದ ಕೆಲಸದಲ್ಲಿ ಆಗ 'ಲಂಪ್' ಎಂಬ ಪದ್ಧತಿ ಇತ್ತು. ಗುತ್ತಿಗೆದಾರ ದಿನದ ಕೂಲಿಯನ್ನು ಕೈಗೆ ಕೊಡುತ್ತಿದ್ದ. ವಿಮೆ ಕಟ್ಟುವುದಿಲ್ಲ, ಪುಸ್ತಕದಲ್ಲಿ ಹೆಸರಿಲ್ಲ. ಇಪ್ಪತ್ತೈದರ ಹರೆಯದಲ್ಲಿ ಅದು ಲಾಭ ಅಂತ ಕಂಡಿತು. ಅರವತ್ತೈದಕ್ಕೆ ಬಂದಾಗ ಪೂರ್ತಿ ಪಿಂಚಣಿ ಸಿಗುವಷ್ಟು ದಾಖಲೆ ಅವನಲ್ಲಿ ಇರಲಿಲ್ಲ. ಬೆನ್ನು ಬಿದ್ದಿತ್ತು. ಎಷ್ಟೋ ಮಂದಿಗೆ ಮದುವೆಯೇ ಆಗಿರಲಿಲ್ಲ. ದೊಡ್ಡ ಊರಿನ ಒಂದು ಸಣ್ಣ ಕೋಣೆಯಲ್ಲಿ ಒಬ್ಬನೇ. ಊರಿಗೆ ಹೋಗೋಣ ಎಂದರೆ ಬರಿಗೈಯಲ್ಲಿ ಹೋಗಲು ನಾಚಿಕೆ. ತನ್ನ ಹಣದಲ್ಲಿ ಕಟ್ಟಿದ ಮನೆಯಲ್ಲಿ ತಮ್ಮನ ಮಕ್ಕಳಿದ್ದಾರೆ, ಅವರಿಗೆ ಇವನ ಪರಿಚಯವೂ ಇಲ್ಲ.

ಸರಕಾರಕ್ಕೆ ಇದು ಗೊತ್ತಿರಲಿಲ್ಲ ಎಂದಲ್ಲ. 1951ರಲ್ಲಿ ಪ್ರಧಾನಿಯಾಗಿದ್ದ ಡಿ ವಲೇರಾ ಅವರೇ ಬರ್ಮಿಂಗ್‌ಹ್ಯಾಂನಲ್ಲಿ ಐರಿಷ್ ಕಾರ್ಮಿಕರು ಒಂದೇ ಮನೆಯಲ್ಲಿ ಒತ್ತಿಕೊಂಡು ಬದುಕುವುದರ ಬಗ್ಗೆ ಬಹಿರಂಗ ಭಾಷಣದಲ್ಲಿ ಬೇಸರ ತೋಡಿಕೊಂಡಿದ್ದರು. ಭಾಷಣ ಆಯಿತು, ಹಣ ಬರಲಿಲ್ಲ. ಕೆಲಸಕ್ಕೆ ಇಳಿದದ್ದು ಧಾರ್ಮಿಕ ಸಂಸ್ಥೆಗಳು ಮತ್ತು ಊರಿನವರ ಸಂಘಗಳು. 1955ರಲ್ಲಿ ಲಂಡನ್‌ನ ಕ್ಯಾಮ್‌ಡನ್‌ನಲ್ಲಿ ಐರಿಷ್ ಸೆಂಟರ್ ತೆರೆಯಿತು. ಹೊಸದಾಗಿ ಬಂದಿಳಿದ ಹುಡುಗರಿಗೆ ಮಲಗಲು ಜಾಗ, ಕೆಲಸದ ದಾರಿ ತೋರಿಸುವುದು ಅದರ ಕೆಲಸ. 1957ರಲ್ಲಿ ಕ್ಯಾಥೊಲಿಕ್ ಬಿಷಪರು ವಲಸಿಗರಿಗಾಗಿ ಒಂದು ಆಯೋಗ ಮಾಡಿದರು. ಸರಕಾರ ಬ್ರಿಟನ್‌ನಲ್ಲಿರುವ ತನ್ನ ಜನರ ಸಂಘಗಳಿಗೆ ಸಹಾಯಧನದ ಬಗ್ಗೆ ಸಲಹೆ ಕೊಡಲು 'ಡೀಯೊನ್' ಎಂಬ ಸಮಿತಿ ಮಾಡಿದ್ದು 1984ರಲ್ಲಿ. ಅದೂ ಸಣ್ಣ ಮೊತ್ತ.

1990ರಲ್ಲಿ ಅಧ್ಯಕ್ಷೆಯಾಗಿ ಆಯ್ಕೆಯಾದ ಮೇರಿ ರಾಬಿನ್ಸನ್ ತಮ್ಮ ಅಧಿಕೃತ ನಿವಾಸದ ಕಿಟಕಿಯಲ್ಲಿ ಒಂದು ದೀಪ ಹಚ್ಚಿಟ್ಟರು. ದೂರ ಹೋದವರನ್ನು ಮರೆತಿಲ್ಲ ಎಂಬುದಕ್ಕೆ ಗುರುತು. 1998ರ ಶಾಂತಿ ಒಪ್ಪಂದದ ನಂತರ ಸಂವಿಧಾನದ ಎರಡನೇ ವಿಧಿಯಲ್ಲಿಯೇ ಹೊರಗಿರುವ ಐರಿಷ್ ಮೂಲದವರೊಂದಿಗಿನ ನಂಟಿನ ಮಾತು ಸೇರಿತು. 2002ರಲ್ಲಿ ಒಂದು ಕಾರ್ಯಪಡೆ ವರದಿ ಕೊಟ್ಟು, ಈ ಕೆಲಸಕ್ಕೆ ಒಂದು ಪ್ರತ್ಯೇಕ ವಿಭಾಗ ಬೇಕು, ಹಣ ಎಷ್ಟೋ ಪಾಲು ಹೆಚ್ಚಬೇಕು ಎಂದಿತು. ವರದಿ ಕಪಾಟಿನಲ್ಲಿ ಕೂತಿತು. 2003ರ ಡಿಸೆಂಬರ್‌ನಲ್ಲಿ ಅಲ್ಲಿನ ಆರ್‌ಟಿಇ ಟಿವಿ ಇಂಗ್ಲೆಂಡಿನಲ್ಲಿ ಒಂಟಿಯಾಗಿ, ಕೊಳಕು ಕೋಣೆಗಳಲ್ಲಿ ಬಿದ್ದಿದ್ದ ಐರಿಷ್ ಮುದುಕರನ್ನು ತೋರಿಸಿತು. ಜನ ಕೂತಲ್ಲೇ ಅತ್ತರು. ಮರುವರ್ಷ ವಿದೇಶಾಂಗ ಇಲಾಖೆಯಲ್ಲಿ ಐರಿಷ್ ಅಬ್ರಾಡ್ ಯೂನಿಟ್ ಶುರುವಾಯಿತು, ಹಣವೂ ಬಂತು.

ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಟ್ಟುಬಿಡಬೇಕು ಎಂದು ನಮ್ಮ ಪ್ರವಾದಿ (ಸ.ಅ.) ಕಲಿಸಿದ್ದನ್ನು ಮದ್ರಸದ ಮಕ್ಕಳೂ ಹೇಳ್ತಾರೆ. ಐರ್ಲ್ಯಾಂಡಿನಲ್ಲಿ ಬೆವರು ಆರಿ ನಲವತ್ತು ವರ್ಷ ಆಗಿತ್ತು. ಕೊಡಬೇಕಾದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಮಣ್ಣಿಗೆ ಹೋಗಿದ್ದರು. ಆ ಯೋಜನೆಯನ್ನು ಹೊಗಳುವಾಗ ಈ ತಡವನ್ನೂ ಹೇಳಬೇಕು. ನಮಗೆ ಅದರಲ್ಲಿ ದೊಡ್ಡ ಪಾಠ ಅದೇ.

ಹಣ ಹೋಗುವ ದಾರಿ

ಈ ಯೋಜನೆಯಲ್ಲಿ ಯಾರ ಕೈಗೂ ನಗದು ಕೊಡುವುದಿಲ್ಲ. ಲಾಭಕ್ಕಾಗಿ ನಡೆಯದ ಸಂಘಟನೆಗಳು ಅರ್ಜಿ ಹಾಕಬೇಕು, ಏನು ಕೆಲಸ ಮಾಡುತ್ತೇವೆ, ಯಾರಿಗೆ, ಎಷ್ಟು ಖರ್ಚು ಎಂದು ಹೇಳಬೇಕು, ಆಮೇಲೆ ಲೆಕ್ಕ ಒಪ್ಪಿಸಬೇಕು. ಮೊದಲ ಆದ್ಯತೆ ವಯಸ್ಸಾದವರಿಗೆ ಮತ್ತು ಕಷ್ಟದಲ್ಲಿರುವವರಿಗೆ. ದೊಡ್ಡ ಪಾಲು ಬ್ರಿಟನ್‌ಗೆ ಹೋಗುತ್ತದೆ, ಮುದುಕರು ಹೆಚ್ಚಿರುವುದು ಅಲ್ಲಿ. ಅಮೆರಿಕದಲ್ಲಿ ಬಾಸ್ಟನ್, ನ್ಯೂಯಾರ್ಕ್‌ನಂತಹ ಊರುಗಳ ವಲಸಿಗ ಕೇಂದ್ರಗಳಿಗೂ ಸಿಗುತ್ತದೆ. ಅಲ್ಲಿ ಕಾಗದಪತ್ರ ಇಲ್ಲದೆ ಉಳಿದುಕೊಂಡ ಐರಿಷರು ಸಾವಿರಾರು ಮಂದಿ ಇದ್ದಾರೆ. ತಾಯಿ ಸತ್ತರೂ ಊರಿಗೆ ಬರಲಾಗದು, ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಅಂಥವರಿಗೆ ಕಾನೂನಿನ ಸಲಹೆ ಕೊಡುವ ಕೆಲಸಕ್ಕೂ ಈ ಹಣ ಉಂಟು.

ನನಗೆ ಇದರಲ್ಲಿ ಬಹಳ ಮುಖ್ಯ ಎಂದು ಕಂಡ ವಿಷಯ ಒಂದುಂಟು. ಹಣದ ಬಹುಪಾಲು ಮನುಷ್ಯರ ಸಂಬಳಕ್ಕೆ ಹೋಗುತ್ತದೆ. ಮುದುಕನ ಕೋಣೆಗೆ ಹೋಗಿ ಬಾಗಿಲು ತಟ್ಟುವವನು, ಅವನ ಜೊತೆ ಕೂತು ಫಾರಂ ತುಂಬಿಸುವವನು, ಯಾವ ಆಫೀಸಿಗೆ ಹೋಗಬೇಕು ಎಂದು ಹೇಳುವವನು. ಆ ಮುದುಕನಿಗೆ ಬ್ರಿಟಿಷ್ ಸರಕಾರದಿಂದಲೇ ಸಿಗಬೇಕಾದ ಸಹಾಯ, ಬಾಡಿಗೆ ಭತ್ಯೆ, ಚಿಕಿತ್ಸೆ ಇರುತ್ತದೆ. ಅವನಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕೇಳಲು ಸಂಕೋಚ. ಒಬ್ಬ ಸಲಹೆಗಾರನ ಸಂಬಳ ಕೊಟ್ಟರೆ ನೂರಾರು ಮಂದಿಗೆ ಅವರವರ ಹಕ್ಕು ಸಿಗುತ್ತದೆ. ಇನ್ನು ವಾರಕ್ಕೊಮ್ಮೆ ಮುದುಕರನ್ನು ಒಟ್ಟಿಗೆ ಕೂರಿಸಿ ಊಟ ಹಾಕುವ ಕೂಟಗಳು ಉಂಟು. ಊಟಕ್ಕಿಂತ ಅಲ್ಲಿ ಊರಿನ ಮಾತು ಸಿಗುವುದೇ ಅವರಿಗೆ ದೊಡ್ಡದು.

ಊರಿಗೆ ಮರಳಬೇಕು ಎನ್ನುವವರಿಗೆ ಮೇಯೊ ಜಿಲ್ಲೆಯ ಮಲ್ರಾನಿ ಎಂಬ ಹಳ್ಳಿಯಲ್ಲಿ ಸೇಫ್ ಹೋಮ್ ಎಂಬ ಸಂಸ್ಥೆ 2000ದಿಂದ ಕೆಲಸ ಮಾಡುತ್ತಿದೆ. ವಯಸ್ಸಾದ ವಲಸಿಗರಿಗೆ ಊರಿನಲ್ಲಿ ಮನೆ ಸಿಗುವಂತೆ, ಬಂದ ಮೇಲೆ ಪಿಂಚಣಿ, ಡಾಕ್ಟರು ಎಲ್ಲ ಸರಿಯಾಗುವಂತೆ ನೋಡಿಕೊಳ್ಳುತ್ತದೆ. ಡಬ್ಲಿನ್‌ನಲ್ಲಿ ಕ್ರಾಸ್‌ಕೇರ್ ಎಂಬ ಸಂಸ್ಥೆ ಹೋಗುವವರಿಗೂ ಬರುವವರಿಗೂ ಸರಿಯಾದ ಮಾಹಿತಿ ಕೊಡುತ್ತದೆ. ಹೊರದೇಶದ ಜೈಲಿನಲ್ಲಿರುವ ಐರಿಷರಿಗಾಗಿ 1985ರಲ್ಲಿ ಬಿಷಪರು ಶುರುಮಾಡಿದ ಇನ್ನೊಂದು ಸಂಸ್ಥೆ ಉಂಟು. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಪತ್ರ ಬರೆಯುತ್ತದೆ, ಭೇಟಿ ಮಾಡುತ್ತದೆ, ಊರಿನಲ್ಲಿರುವ ಮನೆಯವರಿಗೆ ಸುದ್ದಿ ಮುಟ್ಟಿಸುತ್ತದೆ. ಜೈಲಿನಲ್ಲಿರುವವನ ಉಮ್ಮನಿಗೆ ಶಿಕ್ಷೆ ಆಗಬಾರದಲ್ಲ!

ಎರಡು ಆಕ್ಷೇಪ

ಇದಕ್ಕೆ ವಿರೋಧ ಇಲ್ಲ ಎಂದಲ್ಲ. ಒಂದು: ಬೇರೆ ದೇಶಕ್ಕೆ ತೆರಿಗೆ ಕಟ್ಟುವವನಿಗೆ ನಮ್ಮ ತೆರಿಗೆಯ ಹಣ ಯಾಕೆ? ಇದಕ್ಕೆ ಉತ್ತರ 1961ರ ಆ ಲೆಕ್ಕದಲ್ಲಿಯೇ ಉಂಟು. ಅವನು ತೆರಿಗೆ ಎಂದು ಕಟ್ಟಲಿಲ್ಲ, ಮನಿ ಆರ್ಡರ್ ಎಂದು ಕಳಿಸಿದ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಓಡಿದ್ದು ಅದೇ ಹಣ. ಜೊತೆಗೆ ಅವನು ಹೋದದ್ದರಿಂದ ಊರಿನಲ್ಲಿ ಉಳಿದವರಿಗೆ ಕೆಲಸದ ಪೈಪೋಟಿ ಕಮ್ಮಿಯಾಯಿತು. ಅವನಿಗೆ ಕೊಡುವುದು ದಾನ ಅಲ್ಲ, ಬಾಕಿ.

ಎರಡು: ಅದು ಶ್ರೀಮಂತ ದೇಶ, ಅವರಿಗೆ ಆಗ್ತದೆ, ನಮಗೆ ಆಗ್ತದಾ? ಇವತ್ತು ಶ್ರೀಮಂತ ಹೌದು. ಆದರೆ ಮೊದಲ ಸಹಾಯಧನ ಕೊಡಲು ಸಮಿತಿ ಮಾಡಿದ 1984ರಲ್ಲಿ ಅಲ್ಲಿ ಕೆಲಸ ಇಲ್ಲದೆ ಹುಡುಗರು ಗುಂಪು ಗುಂಪಾಗಿ ದೇಶ ಬಿಡುತ್ತಿದ್ದರು. ಕೈ ಬಿಗಿ ಇರುವಾಗಲೇ ಶುರುಮಾಡಿದ್ದು.

ಇನ್ನು ಯೋಜನೆಯಲ್ಲಿ ಕೊರತೆಯೂ ಉಂಟು. ಕಾರ್ಯಪಡೆ ಕೇಳಿದಷ್ಟು ಹಣವನ್ನು ಸರಕಾರ ಕೊಡಲಿಲ್ಲ. ಸಂಘಟನೆಗಳು ವರ್ಷ ವರ್ಷ ಅರ್ಜಿ ಹಿಡಿದು ನಿಲ್ಲಬೇಕು. ಹೊರಗಿರುವ ಸಾಮಾನ್ಯ ಐರಿಷ್ ಪ್ರಜೆಗೆ ಅಲ್ಲಿಂದ ಕೂತು ಊರಿನ ಪಾರ್ಲಿಮೆಂಟ್ ಚುನಾವಣೆಗೆ ಮತ ಹಾಕುವ ಅವಕಾಶ ಇಲ್ಲ. ಮತ ಇಲ್ಲದವನ ನೆನಪು ರಾಜಕಾರಣಿಗೆ ಎಷ್ಟು ದಿನ ಇರ್ತದೆ ಎಂದು ಅಲ್ಲಿಯೂ ಕೇಳ್ತಾರೆ. ಆದರೂ ಒಂದು ಮಾತು: ಬಜೆಟ್‌ನಲ್ಲಿ ಒಂದು ಸಾಲು ಬರೆದಾಯಿತು. ಯಾವ ಪಕ್ಷ ಬಂದರೂ ಆ ಸಾಲನ್ನು ಅಳಿಸಲಿಲ್ಲ.

ನಮ್ಮ ಕಡೆ

ಭಾರತ ಸರಕಾರದ ಇಂಡಿಯನ್ ಕಮ್ಯೂನಿಟಿ ವೆಲ್ಫೇರ್ ಫಂಡ್ 2009ರಿಂದ ಉಂಟು. ಗಲ್ಫ್‌ನಲ್ಲಿ ಸಿಕ್ಕಿಬಿದ್ದವರಿಗೆ ಊಟ, ವಸತಿ, ವಿಮಾನದ ಟಿಕೆಟ್, ಕಾನೂನಿನ ಸಹಾಯ, ಮಯ್ಯಿತ್ ಊರಿಗೆ ತರುವುದು ಇದಕ್ಕೆಲ್ಲ ರಾಯಭಾರ ಕಚೇರಿಗಳು ಅದನ್ನು ಬಳಸಬಹುದು. ಒಳ್ಳೆಯ ಫಂಡ್. ಆದರೆ ಅದಕ್ಕೆ ಹಣ ಮುಖ್ಯವಾಗಿ ಬರುವುದು ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ಮುಂತಾದ ಸೇವೆಗೆ ಕಟ್ಟುವ ಶುಲ್ಕದಿಂದ. ಅಂದರೆ ದೊಡ್ಡ ಪಾಲು ವಲಸಿಗನ ಕಿಸೆಯಿಂದಲೇ ತೆಗೆದು ವಲಸಿಗನಿಗೇ ಕೊಡುವುದು. ಐರ್ಲ್ಯಾಂಡಿನಲ್ಲಿ ಊರಿನಲ್ಲಿ ಕೂತವರ ತೆರಿಗೆಯಿಂದ ಕೊಡ್ತಾರೆ. ಈ ಎರಡರ ನಡುವೆ ಅಂತರ ಉಂಟು. ಹಾಗೆಯೇ ನಮ್ಮ ಫಂಡ್ ಇರುವುದು ಅಲ್ಲಿ ತುರ್ತು ಕಷ್ಟ ಬಂದವನಿಗೆ. ಮೂವತ್ತು ವರ್ಷ ದುಡಿದು, ಎಕ್ಸಿಟ್ ಹೊಡೆಸಿಕೊಂಡು, ಶುಗರ್ ಪ್ರೆಶರ್ ಜೊತೆ ಊರಿಗೆ ಬಂದು ಕೂತವನನ್ನು ಅದು ನೋಡುವುದಿಲ್ಲ.

ಪಕ್ಕದ ಕೇರಳ 1996ರಲ್ಲಿಯೇ ಹೊರಗಿರುವವರಿಗಾಗಿ ನೋರ್ಕಾ ಎಂಬ ಇಲಾಖೆ ಮಾಡಿತು. 2008ರಲ್ಲಿ ಕಾನೂನು ತಂದು ಪ್ರವಾಸಿ ಕ್ಷೇಮನಿಧಿ ಮಂಡಳಿ ಮಾಡಿತು. ಸದಸ್ಯರು ತಿಂಗಳಿಗೆ ಸ್ವಲ್ಪ ಕಟ್ಟುತ್ತಾರೆ, 60 ದಾಟಿದ ಮೇಲೆ ಪಿಂಚಣಿ. ತಲಪಾಡಿ ಗೇಟಿನ ಆಚೆ ಇರುವವನಿಗೆ ಸಿಗುವುದು ಈಚೆ ಇರುವವನಿಗೆ ಇಲ್ಲ. ಇಬ್ಬರೂ ಒಂದೇ ಕಂಪೆನಿಯಲ್ಲಿ, ಒಂದೇ ರೂಮಿನಲ್ಲಿ ಇದ್ದವರು ಆಗಿರಬಹುದು. ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಉಂಟು. ಆದರೆ ಕೇರಳದ ಹಾಗೆ ಕಾನೂನಿನ ಬಲ ಇರುವ ಪಿಂಚಣಿ ಮಂಡಳಿ ಬೇಕು ಎಂದು ನಮ್ಮ ಶಾಸಕರ ಹತ್ತಿರ ನಾವು ಎಷ್ಟು ಸಲ ಕೇಳಿದ್ದೇವೆ? ರಸ್ತೆ ಕೇಳಿದ್ದೇವೆ, ದಫನ ಭೂಮಿಗೆ ಕಂಪೌಂಡ್ ಕೇಳಿದ್ದೇವೆ. ಇದನ್ನು ಕೇಳಿದ್ದು ಕಡಿಮೆ.

ಐರಿಷರು ಸರಕಾರದ ದೊಡ್ಡ ಹಣ ಬರುವ ಮೊದಲು ಎಷ್ಟೋ ವರ್ಷ ಮುಖ್ಯವಾಗಿ ಸ್ವಂತ ಸಂಘಗಳಿಂದಲೇ ನಡೆಸಿದರು. ಆ ಭಾಗ ನಮ್ಮಲ್ಲೂ ಉಂಟು, ಅಲ್ ಹಮ್ದುಲಿಲ್ಲಾಹ್. ನಮ್ಮ ಊರುಗಳ ಗಲ್ಫ್ ಕಮಿಟಿಗಳು, ಸಂಘಟನೆಗಳ ಹುಡುಗರು ಡ್ಯೂಟಿ ಮುಗಿಸಿ ಬಂದು ಆಸ್ಪತ್ರೆಗೆ ಓಡ್ತಾರೆ, ಮಯ್ಯಿತ್‌ನ ಕಾಗದಕ್ಕಾಗಿ ರಾತ್ರಿ ಹಗಲು ಓಡಾಡ್ತಾರೆ. ಆದರೆ ಯುಎಇಯಂತಹ ದೇಶಗಳಲ್ಲಿ ಅನುಮತಿ ಇಲ್ಲದೆ ಚಂದಾ ಎತ್ತುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಲಂಡನ್‌ನ ಮಾದರಿಯನ್ನು ಹಾಗೆಯೇ ದುಬೈಗೆ ಕೊಂಡುಹೋಗಲು ಆಗದು. ಮಂಗಳೂರಿನಲ್ಲಿ ಆಗ್ತದೆ. ಹೋಗುವವನಿಗೆ ವೀಸಾ, ಕರಾರು ಓದಿ ಹೇಳುವ, ಬಂದವನಿಗೆ ಬಾಕಿ ಸಂಬಳ, ವಿಮೆ, ಸರಕಾರಿ ಯೋಜನೆಯ ಅರ್ಜಿ ತುಂಬಿಸುವ ಒಂದು ಆಫೀಸು, ಸಂಬಳ ಪಡೆಯುವ ನಾಲ್ಕು ಜನ. ಈ ಖರ್ಚು ರಾಜ್ಯ ಸರಕಾರಕ್ಕೆ ಭಾರ ಅಲ್ಲ.

ಸರಕಾರವನ್ನು ಕೇಳುವ ಮೊದಲು ಜಮಾಅತ್‌ಗಳಿಗೂ ಒಂದು ಮಾತು. ನಮ್ಮ ಮಸೀದಿ, ಮದ್ರಸಗಳ ಗೋಡೆಯ ಮೇಲೆ ಗಲ್ಫ್‌ನಲ್ಲಿ ದುಡಿದವರ ಹೆಸರು ಕಲ್ಲಿನಲ್ಲಿ ಕೊರೆದು ಉಂಟು. ನಾನು ಪಾಠ ಮಾಡುವ ಕ್ಲಾಸಿನ ಬೆಂಚು, ಫ್ಯಾನು ಎಲ್ಲ ಅವರ ಹಣದ್ದು. ಅಂಥವರಲ್ಲಿ ಇವತ್ತು ಮದ್ದಿಗೆ ಹಣ ಇಲ್ಲದವರು ಇದ್ದಾರಾ ಎಂದು ನಮಗೆ ಗೊತ್ತುಂಟಾ? ವಾರ್ಷಿಕ ಲೆಕ್ಕಪತ್ರದಲ್ಲಿ ಯಾರಿಂದ ಎಷ್ಟು ಬಂತು ಎಂದು ಪೈಸೆ ಪೈಸೆ ಬರೆಯುತ್ತೇವೆ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಮೊಹಲ್ಲಾದಿಂದ ಹೊರಗೆ ಇರುವವರು ಯಾರು, ಮರಳಿ ಬಂದವರು ಯಾರು, ಯಾರಿಗೆ ಏನು ಕಷ್ಟ ಎಂದು ಬರೆಯಲು ಎಷ್ಟು ಹೊತ್ತು ಬೇಕು?

ಝಕಾತ್‌ಗೆ ಹಕ್ಕುಳ್ಳ ಎಂಟು ವಿಭಾಗಗಳಲ್ಲಿ ಇಬ್ನುಸ್ಸಬೀಲ್, ಅಂದರೆ ದಾರಿಯಲ್ಲಿರುವವನು, ಒಬ್ಬ. ಊರಿನಲ್ಲಿ ಅವನಿಗೆ ಆಸ್ತಿ ಇದ್ದರೂ ದಾರಿಯಲ್ಲಿ ಕೈಯಲ್ಲಿ ಏನೂ ಇಲ್ಲದಿದ್ದರೆ ಅವನಿಗೆ ಪಾಲು ಉಂಟು ಎಂದು ಫಿಕ್ಹ್ ಗ್ರಂಥಗಳಲ್ಲಿ ನಾವು ಕಲಿಯುತ್ತೇವೆ, ಕಲಿಸುತ್ತೇವೆ. ಮನೆಯಿಂದ ದೂರ ಇರುವವನು ಬಡವನೋ ಶ್ರೀಮಂತನೋ, ಅವನು ಒಂಟಿ ಎಂಬುದನ್ನು ದೀನ್ ಅಷ್ಟು ಹಿಂದೆಯೇ ಗುರುತಿಸಿತು. ಊರಿಗೆ ಬಂದು ಕೂತವನು ಫಕೀರ್ ಅಥವಾ ಮಿಸ್ಕೀನ್ ಆಗಿದ್ದರೆ ಅವನ ಹಕ್ಕು ಮೊದಲೇ ಉಂಟು. ಆದರೆ 'ಗಲ್ಫ್‌ನವನು' ಎಂಬ ಹೆಸರು ಇರುವುದರಿಂದ ಅವನು ಕೇಳುವುದಿಲ್ಲ, ನಾವೂ ಅವನಿಗೆ ಬೇಕಾಗಿಲ್ಲ ಎಂದುಕೊಳ್ಳುತ್ತೇವೆ. ಇಂಗ್ಲೆಂಡಿನ ಕೋಣೆಯಲ್ಲಿ ಕೂತ ಐರಿಷ್ ಮುದುಕನ ನಾಚಿಕೆ ಮತ್ತು ಇವನ ನಾಚಿಕೆ ಒಂದೇ.

ನಮ್ಮ ಊರುಗಳಿಂದ 1970ರ ದಶಕದಲ್ಲಿ ಗಲ್ಫ್‌ಗೆ ಹೋದ ಮೊದಲ ತಲೆಮಾರಿನವರಿಗೆ ಈಗ ಎಪ್ಪತ್ತು, ಎಂಬತ್ತು. ಐರ್ಲ್ಯಾಂಡಿಗೆ ತಡವಾದ ಹಾಗೆ ನಮಗೆ ತಡ ಮಾಡಲು ಸಮಯ ಉಳಿದಿಲ್ಲ. ಈ ಶುಕ್ರವಾರ ಜುಮಾ ಮುಗಿದ ಮೇಲೆ ಕಮಿಟಿಯವರು ಹತ್ತು ನಿಮಿಷ ಕೂತು ಆ ಹೆಸರುಗಳ ಪಟ್ಟಿ ಶುರುಮಾಡಲಿ. ಮುಂದಿನ ತಿಂಗಳು ನಾಲ್ಕು ಜಮಾಅತ್‌ಗಳು ಸೇರಿ ಆ ಪಟ್ಟಿ ಹಿಡಿದು ಶಾಸಕರ ಹತ್ತಿರ ಹೋಗಲಿ. ಪಟ್ಟಿ ಕೈಯಲ್ಲಿದ್ದರೆ ಬೇಡಿಕೆಗೆ ತೂಕ ಇರ್ತದೆ. ಬಜೆಟ್‌ನಲ್ಲಿ ಒಂದು ಸಾಲು ಬರೆಸುವುದು ದೊಡ್ಡ ಕೆಲಸ, ಅದು ಒಂದು ದಿನದಲ್ಲಿ ಆಗುವುದಿಲ್ಲ. ಪಟ್ಟಿ ಬರೆಯುವುದು ಒಂದು ದಿನದ ಕೆಲಸ. ಅದಕ್ಕೆ ಯಾರ ಅನುಮತಿಯೂ ಬೇಡ.